ಸಕ್ಕರೆ ನೋಡುವ ದಿನ

ನಮ್ಮ ಡಾಕ್ಟರ್ ಬಾಯಾರು ಎಂಥ ಇಸ್ತ್ರಿ ಸೀರೆ ಉಟ್ಟು ಬಂದರೂ ಮಧ್ಯಾಹ್ನದೊಳಗೆ ಮೊಣಕಾಲಿನ ಹತ್ತಿರ ಮಣ್ಣಾಗಿರುತ್ತಿತ್ತು. ಮೈ ಭಾರದ ಹೆಂಗಸು. ಆದರೂ ಸಕ್ಕರೆ ರೋಗದವರು ಬಂದರೆ ಕುರ್ಚಿ ಬಿಟ್ಟು ನೆಲಕ್ಕೆ ಮೊಣಕಾಲೂರಿ, ಅವರ ಪಾದ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಬೆರಳ ಸಂದಿ ಬಿಡಿಸಿ ನೋಡುತ್ತಿದ್ದರು. ಆಚಾರ್ಯರ ಮನೆತನದ ಹೆಣ್ಣುಮಗಳು ಕಾಲು ಹಿಡಿದರೆ ಪಾಪ ಬಂದೀತೆಂದು ನಮ್ಮ ಮಂದಿಗೆ ಹೆದರಿಕೆ. "ಬ್ಯಾಡ್ರಿ ಬಾಯಾರ" ಎಂದು ಯಾರಾದರೂ ಎಳೆದುಕೊಂಡರೆ, "ಪಾಪ ನನಗಿರ್ಲಿ, ಕಾಲು ನಿನಗಿರ್ಲಿ. ಇಲ್ಲೆ ಕೊಡು" ಅನ್ನುತ್ತಿದ್ದರು.

ಇದು ಎಪ್ಪತ್ತರ ದಶಕದ ಮಾತು. ಸವಣೂರು ಹಾದಿಯ ಹತ್ತಿ ಗಿರಣಿಯಲ್ಲಿ ನಮ್ಮ ಮನೆಯವರು ತೂಕದ ಕೆಲಸಕ್ಕಿದ್ದರು. ಪಗಾರದಲ್ಲಿ ವಿಮೆಗೆ ಅಂತ ಹಿಡಿಯುತ್ತಿದ್ದರು. ಅದರ ಬದಲಿಗೆ ಸರಕಾರದ ವಿಮಾ ದವಾಖಾನೆಯಲ್ಲಿ ನಮಗೆಲ್ಲ ಪುಕ್ಕಟೆ ಔಷಧ. ಬಾಯಾರು ಅಲ್ಲಿಯ ಡಾಕ್ಟರು. ಅವರು ದೇವತೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬಾಯಿ ಬಿರುಸು. ಹೊತ್ತು ಮೀರಿ ಬಂದವರನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ಬೈಯುತ್ತಿದ್ದರು, ಬೈದು ಒಳಗೆ ಕರೆಯುತ್ತಿದ್ದರು.

ಸಕ್ಕರೆ ನೋಡುವ ದಿನ ಸೋಮವಾರ. ಬಸವಣ್ಣನ ವಾರ ಎಂದು ನಮ್ಮ ಕಡೆ ಆವತ್ತು ಎತ್ತು ಹೂಡುವುದಿಲ್ಲ. ಹಾನಗಲ್, ಹಿರೇಕೆರೂರು ಕಡೆಯ ಹತ್ತಿ ಗಾಡಿಗಳು ಬರುವುದಿಲ್ಲ, ಹಿಂಗಾಗಿ ಗಿರಣಿಗೂ ಸೂಟಿ. ಗಂಡಸರೆಲ್ಲ ಉಚ್ಚೆಯ ಬಾಟಲಿ ಹಿಡಿದು ದವಾಖಾನೆ ಮುಂದೆ ಪಾಳಿ ನಿಲ್ಲುತ್ತಿದ್ದರು. ಬಾಯಾರು ಗಾಜಿನ ಕೊಳವೆಯಲ್ಲಿ ನೀಲಿ ಔಷಧ ಹಾಕಿ, ಉಚ್ಚೆಯ ಹನಿ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿದರೆ ಕೆಟ್ಟದ್ದು. ನಮ್ಮ ಗಿರಣಿಯವರದು ಹೆಚ್ಚುಕಡಿಮೆ ಎಲ್ಲ ನೀಲಿ.

ದವಾಖಾನೆಗಳ ಕೆಲಸ ಅಳೆಯುವ ಸಾಹೇಬರೊಬ್ಬರು ಧಾರವಾಡದಿಂದ ಬರುತ್ತಿದ್ದರು. ಎಲ್ಲಿ ನೀಲಿ ಹೆಚ್ಚೋ ಆ ದವಾಖಾನೆ ಚಲೋ, ಅದು ಅವರ ಲೆಕ್ಕ. "ಉಳಿದವರು ನಿಮ್ಮನ್ನ ನೋಡಿ ಕಲೀಬೇಕು" ಎಂದು ಹೊಗಳಿ ಹೋದರು. ಬಾಯಾರು ಹಿಗ್ಗಿದರು. ಹಿಗ್ಗಲಿಲ್ಲ ಅಂದರೆ ಸುಳ್ಳಾದೀತು.

ಅದೇ ಹೊತ್ತಿಗೆ ನಮ್ಮ ಮನೆಯವರ ಎಡಗಾಲಿನ ಕಿರುಬೆರಳಿಗೆ ಚಪ್ಪಲಿ ಕಚ್ಚಿತು. ಗಾಯ ಮಾಯಲಿಲ್ಲ, ಕಪ್ಪಾಗತೊಡಗಿತು. ಕೊಳವೆ ಮಾತ್ರ ಪ್ರತಿ ಸೋಮವಾರವೂ ನೀಲಿ. ಒಂದು ದಿನ ಬಾಯಾರು ಆ ಪಾದ ತೊಡೆಯ ಮೇಲೆ ಇಟ್ಟುಕೊಂಡು ಬೆರಳು ಒತ್ತಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದರು.

"ಅಕ್ಕಾ, ಇವತ್ತ ಏನು ತಿಂದಾರ ಇವರು?"

"ಏನೂ ಇಲ್ರಿ. ಸೋಮಾರಲ್ಲೇನ್ರಿ? ರಾತ್ರಿ ಪೂಜಿ ಆದಮ್ಯಾಲ ಉಣ್ಣೂದು."

"ಪ್ರತಿ ಸೋಮವಾರ?"

"ನಮ್ಮಪ್ಪನ ಕಾಲದಿಂದ್ರಿ," ಎಂದರು ಇವರು, ದೊಡ್ಡಸ್ತಿಕೆಯಿಂದ.

ಬಾಯಾರು ಪಾಳಿಯ ಕಡೆ ತಿರುಗಿ, ಉಪವಾಸ ಇರುವವರು ಕೈ ಎತ್ತಿರಿ ಎಂದರು. ಪಾಳಿಗೆ ಪಾಳಿಯೇ ಕೈ ಎತ್ತಿತು.

"ಹೊಟ್ಟಿ ಖಾಲಿ ಇದ್ರ ಉಚ್ಚ್ಯಾಗ ಸಕ್ಕರಿ ಎಲ್ಲಿಂದ ಬರಬೇಕು? ಇಷ್ಟು ದಿನ ನಾ ನಿಮ್ಮ ಸಕ್ಕರಿ ನೋಡಿಲ್ಲ, ನಿಮ್ಮ ಉಪಾಸ ನೋಡೀನಿ. ಏಕಾದಶಿ ದಿನಾ ನನ್ನ ಎಲಿ ನೋಡಿದವರು, ಈಕಿ ಹಿಂಗ್ಯಾಕ ದಪ್ಪ ಆದ್ಲು ಅಂದಂಗಾತು." ಆಮೇಲೆ ನನ್ನ ಕಡೆ ತಿರುಗಿದರು. "ಬುಧವಾರ ಯಾವ ದೇವರದು?"

"ನಮ್ಮಲ್ಲಿ ಯಾವ ದೇವ್ರದೂ ಅಲ್ರಿ."

"ಹಂಗಾದ್ರ ಬುಧವಾರ ನಂದು."

ಬುಧವಾರ ಗಿರಣಿಗೆ ಸೂಟಿ ಇಲ್ಲ, ಬಾಯಾರೇ ಗಿರಣಿಗೆ ಬಂದರು. ಮಂದಿ ಬುತ್ತಿ ಉಂಡು ಸ್ವಲ್ಪ ಹೊತ್ತಾದ ಮೇಲೆ, ಗೇಟಿನ ಹೊರಗೆ ಬೇವಿನ ಗಿಡದ ಬುಡಕ್ಕೆ ದೀಪ ಹಚ್ಚಿಕೊಂಡು ಕೂತರು. ಹಾದಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ನಕ್ಕರು. ಕೊಳವೆಗಳು ಒಂದಾದ ಮೇಲೊಂದು ಹಳದಿ, ಕಿತ್ತಳೆ, ಇಟ್ಟಂಗಿ ಬಣ್ಣ. ನಮ್ಮ ಮನೆಯವರದು ಎಲ್ಲರಿಗಿಂತ ಕೆಂಪು.

"ಇದು ನಂದಲ್ರಿ," ಎಂದರು ಇವರು.

"ಮತ್ತ ನಂದೇನು?" ಎಂದೆ ನಾನು. ಮಂದಿ ನಕ್ಕರು. ಬಾಯಾರು ನಗಲಿಲ್ಲ. ಅವತ್ತೇ ಇವರನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಳಿಸಿದರು.

ಕಿರುಬೆರಳು ಹೋಯಿತು. ಇನ್ನಷ್ಟು ತಡೆದಿದ್ದರೆ ಮೊಣಕಾಲಿನವರೆಗೆ ತೆಗೆಯಬೇಕಾಗುತ್ತಿತ್ತು ಎಂದು ಅಲ್ಲಿಯವರು ಹೇಳಿದರು. ಅಲ್ಲಿಂದ ಮುಂದೆ ದಿನಾ ಇನ್ಸುಲಿನ್ ಸೂಜಿ. ಚುಚ್ಚುವುದನ್ನು ಬಾಯಾರು ನನಗೆ ಬದನೆಕಾಯಿ ಮೇಲೆ ಕಲಿಸಿದರು. "ಇವರ ಚರ್ಮ ಇದಕ್ಕಿಂತ ಮೆತ್ತಗ ಅದ, ಅಂಜಬ್ಯಾಡ." ಸೂಜಿ ತಗೊಂಡು ಉಪವಾಸ ಇದ್ದರೆ ಜೀವಕ್ಕೆ ಅಪಾಯ, ಸೋಮವಾರವೂ ಉಣ್ಣಲೇಬೇಕು ಎಂದರು. ಇವರು ಒಪ್ಪಲಿಲ್ಲ.

"ನಿಮ್ಮ ಶಿವಗ ನಾ ಹೇಳ್ತೇನಿ," ಎಂದರು ಬಾಯಾರು.

"ನೀವು ವೈಷ್ಣವರು. ನಿಮ್ಮ ಮಾತು ಕೇಳ್ತಾನೇನ್ರಿ ಆತ?"

"ಹಂಗಾದ್ರ ನೀವ ಹೇಳ್ರಿ. ಉಂಡಮ್ಯಾಲ."

ಇವರು ಉಂಡರು.

ಮರುವರ್ಷ ಸಾಹೇಬರು ಬಂದಾಗ ನಾನು ಸೂಜಿಮದ್ದಿಗೆಂದು ಹೋಗಿ ಬಾಗಿಲಲ್ಲೇ ನಿಂತಿದ್ದೆ. "ಎಲ್ಲಾರಕಿಂತ ಮುಂದಿದ್ರಿ, ಈಗ ಎಲ್ಲಾರಕಿಂತ ಹಿಂದ. ಮತ್ತ ಸೋಮವಾರಾನ ಇಡ್ರಿ. ಇಲ್ಲಾಂದ್ರ ಬದ್ಲಿ ಆದೀತು" ಎಂದು ಅವರು ಹೇಳುತ್ತಿದ್ದರು.

"ಇವರೆಲ್ಲಾ ಹೋದ ವರ್ಷಾನೂ ಹಿಂಗ ಇದ್ರು, ಸಾಹೇಬ್ರ. ನಾ ಈ ವರ್ಷ ನೋಡೀನಿ. ಬದ್ಲಿ ಎಲ್ಲಿಗೆ ಮಾಡ್ತೀರೋ ಮಾಡ್ರಿ. ಅಲ್ಲೂ ಬುಧವಾರ ಬರ್ತದ."

ಬದಲಿ ಆಯಿತು. ಹೋಗುವ ದಿನ ಬಾಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಅವರ ಜಾಗಕ್ಕೆ ಬಂದ ಹೊಸ ಡಾಕ್ಟರು ಸೋಮವಾರ ನೋಡುತ್ತೇನೆ ಎಂದರು. ಸೋಮವಾರ ಒಬ್ಬರೂ ಬಾಟಲಿ ಒಯ್ಯಲಿಲ್ಲ. ಕಡೆಗೆ ಅವರೂ ಬುಧವಾರಕ್ಕೆ ಬಂದರು.

ಎಂಬತ್ತರ ದಶಕದಲ್ಲಿ ಬಾಯಾರು ತೀರಿಕೊಂಡ ಸುದ್ದಿ ಬಂತು, ಅದೂ ತಡವಾಗಿ. ಅವರಿಗೆ ನಾನು ಒಂದು ಒಳ್ಳೆಯ ಮಾತು ಅಂದವಳಲ್ಲ. ಅಂದಿದ್ದರೆ ಅದಕ್ಕೂ ಬೈಯುತ್ತಿದ್ದರು. ಅದಾಗಿ ಕೆಲವು ವರ್ಷಕ್ಕೆ ನಮ್ಮ ಮನೆಯವರೂ ಹೋದರು, ಹಿಂದಿನ ದಿನದವರೆಗೂ ಸಂತೆಗೆ ನಡೆದು ಹೋಗಿ ಬಂದವರು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿ ಕೂಡಿಸಿ ಮಣ್ಣು ಕೊಡುತ್ತೇವೆ. ಮೈ ತೊಳೆದು ಗೋಡೆಗೆ ಆನಿಸಿ ಕೂಡಿಸಿದರು. ಬಲಗಾಲು ಮಡಚಿದವರು ಯಾರೋ ನೆನಪಿಲ್ಲ. ಕಿರುಬೆರಳಿಲ್ಲದ ಎಡಗಾಲು ನಾನೇ ಎತ್ತಿ ಅದರ ಮೇಲಿಟ್ಟೆ.