ತಾತನ ಹೆಸರು ಹೇಳಿದ ದಿನ

ಸುಮಾ, ಚಂದು, ಇಲ್ಲಿಗೆ ಬಂದ ಮೊದಲ ಬೆಳಗ್ಗೆ ಬಾಗಿಲು ತೆಗೆದರೆ ಎದುರಿನ ಗುಡ್ಡವೇ ಇರಲಿಲ್ಲ. ರಸ್ತೆಯೂ ಇಲ್ಲ, ಮರವೂ ಇಲ್ಲ. ಬರೀ ಬಿಳಿ ಮಂಜು. ಅದರೊಳಗೆ ಯಾರೋ ಹಾಡಿಕೊಳ್ಳುವ ದನಿ. ಆಮೇಲೆ ಒಂದು ಹಳದಿ ತಲೆವಸ್ತ್ರ, ಅದರ ಕೆಳಗೆ ನಗುವ ಕಪ್ಪು ಮುಖ ತೇಲಿ ಬಂತು. ಹೆದರಿ ಬಾಗಿಲು ಹಾಕಿಕೊಂಡೆ. ಅವಳು ಪಕ್ಕದ ಮನೆಯ ರೂತ್, ಆಸ್ಪತ್ರೆಯ ಬಟ್ಟೆ ಒಗೆಯುವವಳು.

ಅಮೆರಿಕದ ಈ ಹೇವರ್ಡ್ ಊರಿನಲ್ಲಿ ನಿಮ್ಮ ತಾತ ಬ್ಯಾಂಕಿನ ಸಾಲದಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ನಮ್ಮೂರಲ್ಲಿ ಸಾಲ ಕೊಟ್ಟವನು ಹಬ್ಬಕ್ಕೆ ಊಟಕ್ಕೂ ಬರುತ್ತಾನೆ. ಇಲ್ಲಿ ಸಾಲಕ್ಕೆ ಮುಖವೇ ಇಲ್ಲ. ತಾತ ಹೃದಯ ನಿಂತು ಹೋದ ಮೇಲೆ ಕಂತು ತಪ್ಪಿತು. ಅಂಗಡಿ ಹೋದರೆ ನನಗಿಲ್ಲಿ ಅನ್ನವಿರಲಿಲ್ಲ. ಸಾಲ ಬಿಟ್ಟು ಓಡಿಬಂದವಳೆನಿಸಿಕೊಂಡು ಊರಿಗೆ ಬರಲೂ ಮನಸ್ಸಿರಲಿಲ್ಲ.

ರೂತ್ ಶನಿವಾರ ಶನಿವಾರ ನನ್ನನ್ನು ಚರ್ಚಿನ ನೆಲಮಾಳಿಗೆಗೆ ಕರೆದೊಯ್ದಳು. ಸಾಲದಿಂದ ಮೇಲೇಳುತ್ತಿದ್ದ ಕಪ್ಪು ಜನ ಅಲ್ಲಿ ಸೇರಿ ಒಬ್ಬರಿಗೊಬ್ಬರು ದಾರಿ ಹೇಳುತ್ತಿದ್ದರು. ಅಷ್ಟೇ ಸಂಬಳದ ಬಿಳಿಯರಿಗೆ ಬ್ಯಾಂಕು ಕೊಟ್ಟ ಸಾಲವನ್ನು ಇವರಿಗೆ ಕೊಡದ್ದರಿಂದ ಇವರೆಲ್ಲ ಮೀಟರ್ ಬಡ್ಡಿಯವರ ಕೈಗೆ ಬಿದ್ದವರು. ಗೆಣಸಿನ ಪೈ ಹಂಚುತ್ತಿದ್ದರು. ನಮ್ಮ ಗೆಣಸಿನ ಹೋಳಿಗೆಯ ದೂರದ ನೆಂಟ ಅನ್ನಿ.

ಇಲ್ಲೇ ನೆಲೆಸಿರುವ ಮೈಸೂರಿನ ಡಾಕ್ಟರ ಹೆಂಡತಿ ಮಾತ್ರ, "ಆ ಕರಿಯರ ಸಹವಾಸ ಬೇಡಮ್ಮ, ಒಂದಿನ ನಿಮ್ಮನ್ನೇ ದೋಚ್ತಾರೆ" ಅಂದಿದ್ದರು. ನಾನು ತಲೆ ತಗ್ಗಿಸಿದ್ದೆ.

ಕಂತು ಇಳಿಸಿಕೊಡಿ ಎಂದು ಕೇಳಲು ಬ್ಯಾಂಕಿಗೆ ಹೊರಟಾಗ ರೂತ್ ಕೇಳಿದಳು, "ಗಂಡನ ಹೆಸರು ಹೇಳ್ತೀಯಲ್ಲ?"

"ಹೇಳಬಾರದು. ಅವರ ಆಯಸ್ಸು ಕಮ್ಮಿ ಆಗುತ್ತೆ."

"ಇನ್ನು ಕಮ್ಮಿ ಆಗೋಕೆ ಏನಿದೆ ಹನಿ? ಸರಿ ಬಿಡು, ನಾನೇ ಹೇಳ್ತೀನಿ."

'ಹನಿ' ಅಂದರೆ ಜೇನು. ಪ್ರೀತಿ ಬಂದಾಗ ಅವಳು ಹಾಗೇ ಕರೆಯುವುದು.

ಬ್ಯಾಂಕಿನಲ್ಲಿ ಹೆಸರು, ಸಾಲದ ವಿವರ ಎಲ್ಲ ರೂತಳೇ ಹೇಳಿದಳು. ನಾನು ಸೆರಗು ಹಿಡಿದು ಕೂತೆ. ಗುಮಾಸ್ತ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಕಾವಲುಗಾರನಿಗೆ ಕಣ್ಸನ್ನೆ ಮಾಡಿ, ನನ್ನತ್ತ ಬಾಗಿ ಮೆಲ್ಲಗೆ ಕೇಳಿದ, "ಈ ಹೆಂಗಸು ನಿಮ್ಮನ್ನ ಹೆದರಿಸಿ ಕರ್ಕೊಂಡು ಬಂದಿದ್ದಾಳಾ?"

ಡಾಕ್ಟರ ಹೆಂಡತಿ ಕನ್ನಡದಲ್ಲಿ ಹೇಳಿದ್ದನ್ನೇ ಅವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಕಾವಲುಗಾರ ರೂತಳ ಬೆನ್ನ ಹಿಂದೆ ಬಂದು ನಿಂತ. ಅವಳು ಎರಡೂ ಕೈಗಳನ್ನು ಕಾಣುವಂತೆ ಮೇಜಿನ ಮೇಲಿಟ್ಟು ಅಲುಗದೆ ಕೂತಳು. ನನ್ನ ಮೌನವೇ ಅವಳನ್ನು ಕಳ್ಳಿ ಮಾಡಿತ್ತು.

ಎದ್ದು ನಿಂತೆ. ಕನಸಿನಲ್ಲಿ ಬೇರೆ ಯಾರೋ ಮಾತಾಡಿದಂತಿತ್ತು.

"ಪುಟ್ಟಸ್ವಾಮಿ. ನನ್ನ ಗಂಡ. ಸಾಲ ನಂದು. ಇವಳು ನನ್ನ ಅಕ್ಕ."

ನನಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೂ ಖರ್ಚಾಯಿತು. ಕಾವಲುಗಾರ ಹಿಂದೆ ಸರಿದ. ಗುಮಾಸ್ತನ ಮುಖ ಕೆಂಪಾಯಿತು, ಕಂತು ಇಳಿಯಿತು. ಕ್ಷಮೆ ಮಾತ್ರ ಕೇಳಲಿಲ್ಲ.

ಕಾರಿನಲ್ಲಿ ರೂತ್ ತಲೆವಸ್ತ್ರ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. "ನಂಗಿದು ಹೊಸದಲ್ಲ ಹನಿ," ಅಂದಳು. "ನೀನು ಬಾಯಿ ಬಿಟ್ಟಿದ್ದು ಹೊಸದು."

ಈಗ ಸಾಲ ತೀರಿದೆ, ಅಂಗಡಿ ಉಳಿದಿದೆ. ಬಂದುಬಿಡು ಎಂದು ನಿಮ್ಮ ಅಮ್ಮ ಬರೆಯುತ್ತಾಳೆ. ರಾಗಿ ಹುರಿದ ವಾಸನೆ ನೆನಪಾದರೆ ಇವತ್ತೇ ಹೊರಡೋಣ ಅನ್ನಿಸುತ್ತದೆ. ಬೆಳಗ್ಗೆ ಮಂಜಿನೊಳಗಿಂದ ಆ ಹಾಡು ಕೇಳಿದರೆ ಬಾಗಿಲು ತೆಗೆದು ನಿಲ್ಲುತ್ತೇನೆ, ಹಾಕಿಕೊಳ್ಳುವುದಿಲ್ಲ. ಯಾವ ಬಾಗಿಲು ನನ್ನದೆಂದು ಇನ್ನೂ ತಿಳಿದಿಲ್ಲ ಮಕ್ಕಳೇ.

ನನ್ನ ಕೈಯಾರೆ ನಿಮ್ಮ ತಾತನ ಹೆಸರು ಬರೆದದ್ದು ಈ ಹಾಳೆಗಳಲ್ಲಿ ಮಾತ್ರ. ಪಕ್ಕದಲ್ಲೇ ರೂತಕ್ಕನ ಹೆಸರೂ ಇದೆ. ಗೆದ್ದಲು ಮುಟ್ಟದಂತೆ ಇಟ್ಟುಕೊಳ್ಳಿ.