ಕಿಸೆಯಲ್ಲೇನಿದೆ ಹೇಳು

ನಮ್ಮ ಮನೆಯವರು ವೈಜನಾಥ. ಊರು ಭಾಲ್ಕಿ, ನೌಕರಿ ನಾಸಿಕದ ದೂರಸಂಪರ್ಕ ಕಚೇರಿಯಲ್ಲಿ. ಸರ್ಕಾರದ ದುಡ್ಡಿನಲ್ಲಿ ಹಳ್ಳಿಗಳಿಗೆ ಇಂಟರ್‌ನೆಟ್ ಕೇಬಲ್ ಹಾಕುತ್ತಾರಲ್ಲ, ಗುತ್ತಿಗೆದಾರ ಮುಗಿಸಿದ ಮೇಲೆ ಪರೀಕ್ಷಿಸಿ ಸಹಿ ಹಾಕುವುದು ಇವರ ಕೆಲಸ. ಬೇರೆಯವರು ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿದರೆ ಸಹಿ ಹಾಕುತ್ತಾರೆ. ಇವರಿಗೆ ಅದು ಸಾಲದು. ಕಿಸೆಗೆ ಏನಾದರೊಂದು ಸಿಕ್ಕಿಸಿಕೊಂಡು, ಆ ಹೊಸ ಕೇಬಲಿನ ಇಂಟರ್‌ನೆಟ್‌ನಿಂದಲೇ ನನಗೆ ವಿಡಿಯೊ ಕಾಲ್ ಮಾಡುತ್ತಾರೆ.

"ಸುಶೀಲಾ, ಕಿಸೆದಾಗ ಏನದ ಹೇಳು."

ಒಲೆಯ ಮೇಲಿನ ಪಲ್ಯ ಸೀದರೂ ಸರಿ, ನಾನು ಕಣ್ಣು ಕಿರಿದು ಮಾಡಿ ನೋಡಿ, ಉಳ್ಳಾಗಡ್ಡಿ ಸೊಪ್ಪೋ ಬಸ್ ಟಿಕೆಟೋ ಹೇಳಬೇಕು. ಹನ್ನೊಂದು ವರ್ಷ ಇದೇ ಹಣೆಬರಹ!

ಈ ಮಾರ್ಚ್ ಮೂವತ್ತೊಂದಕ್ಕೆ ಅವರ ನಿವೃತ್ತಿ. ಸಂಜೆ ಐದಕ್ಕೆ ಕಚೇರಿಯಲ್ಲಿ ಬೀಳ್ಕೊಡುಗೆ. ಹೊಸ ಬಿಳಿ ಅಂಗಿ ಇಸ್ತ್ರಿ ಮಾಡಿ ಕೊಟ್ಟೆ. ಈ ಮಹಾರಾಯರು ಅದನ್ನೇ ತೊಟ್ಟು ಬೆಳಿಗ್ಗೆ ದಿಂಡೋರಿ ಆಚೆಯ ಹಳ್ಳಿಯೊಂದಕ್ಕೆ ಹೊರಟರು. ಅಲ್ಲಿನ ಆರೋಗ್ಯ ಉಪಕೇಂದ್ರದ ನರ್ಸ್ ರುಚಿತಾ, ಬಾಣಂತಿಯನ್ನು ಒಂಟಿಯಾಗಿ ಬಿಟ್ಟು, ಫೋನ್ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಡಾಕ್ಟರನ್ನು ಕೇಳಿ ಬರುತ್ತಾಳಂತೆ. ಆ ದಿನ ಸಹಿ ಬೀಳದಿದ್ದರೆ ಮಂಜೂರಾದ ಹಣ ವಾಪಸ್, ಹಳ್ಳಿಯ ಹೆಸರು ಪಟ್ಟಿಯಿಂದ ಔಟು.

ಹನ್ನೊಂದಕ್ಕೆ ಕಾಲ್ ಬಂತು. ಪರದೆಯ ತುಂಬ ಚೌಕ ಚೌಕ, ಮೂಗು ಎಲ್ಲಿ ಕಿಸೆ ಎಲ್ಲಿ ಒಂದೂ ಗೊತ್ತಾಗಲಿಲ್ಲ. ಗುತ್ತಿಗೆದಾರನ ಕಡೆಯ ರೋಷನ್ ಹಿಂದಿನಿಂದ ನನ್ನನ್ನು ಅತ್ತಿಗೆ ಮಾಡಿಕೊಂಡು ಗೋಗರೆದ: "ವಹಿನಿ, ಕಾಣ್ತದ ಅಂದ್ಬಿಡ್ರಿ ನಾ!"

ದ್ರಾಕ್ಷಿ ತೋಟಗಳ ಊರು. ಕಿಸೆಯಲ್ಲಿ ದ್ರಾಕ್ಷಿ ಎಲೆ ಅಂದುಬಿಟ್ಟಿದ್ದರೆ ಸರಿಹೋಗುತ್ತಿತ್ತು, ಮನೆಯವರೂ ಹೊತ್ತಿಗೆ ಬರುತ್ತಿದ್ದರು. ನಾಲಿಗೆ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ? ಆದರೆ ಆ ನರ್ಸ್ ಮತ್ತೆ ಗುಡ್ಡ ಹತ್ತಬೇಕಲ್ಲ.

"ಇಲ್ರೀ, ನಿಮ್ಮ ಮಾರಿನೇ ಕಾಣಸಲ್ಲ."

"ಹಾಂಗಾದ್ರ ಕೇಬಲ್ ಹಾಕಿದ ನೆಲ ಅಗಸ್ತೀನಿ," ಎಂದು ಫೋನ್ ಇಟ್ಟರು. ಆಮೇಲೆ ಸುದ್ದಿಯೇ ಇಲ್ಲ. ನಿಜ ಹೇಳಿ ಆ ಹಳ್ಳಿಯ ಬಾಯಿಗೆ ನಾನೇ ಮಣ್ಣು ಹಾಕಿದೆನೇನೋ ಎಂದು ಊಟ ಸೇರಲಿಲ್ಲ.

ಐದಕ್ಕೆ ಕಚೇರಿಗೆ ಒಬ್ಬಳೇ ಹೋದೆ. ಹಾರ, ಶಾಲು, ಖಾಲಿ ಕುರ್ಚಿ. ಸಾಹೇಬರು ಗಡಿಯಾರ ನೋಡುತ್ತ ಕೂತಿದ್ದರು. ಐದೂವರೆಗೆ ಅವರ ವಿಡಿಯೊ ಕಾಲ್ ಬಂತು. ನೋಡಿದೆನೋ ಇಲ್ಲವೋ, ಅಷ್ಟು ಜನರ ಮುಂದೆ ಚೀರಿದೆ.

"ಅಯ್ಯ ನಿಮ್ಮ! ಹೊಸ ಅಂಗಿ ರೀ! ಎದಿ ತುಂಬ ಕರಿ ಮಣ್ಣು! ಕಾಲರಿನ ಗುಂಡಿನೂ ಹರ್ಕೊಂಡೀರಿ!"

"ತೋಟದ ಪೈಪಿನ ಕೆಳಗ ಕೇಬಲ್ ಜಜ್ಜಿತ್ತು. ನಾನೇ ತೆಗ್ಗಿನಾಗ ಇಳದು ಜಾಯಿಂಟ್ ಮಾಡಸ್ದೆ," ಎಂದು ನಕ್ಕರು. "ಗುಂಡಿ ಹರದಿದ್ದೂ ಕಾಣಸ್ತು ಹೌದಿಲ್ಲೊ? ಬಸ್!"

ಕಿಸೆಯ ಮಾತೇ ಎತ್ತಲಿಲ್ಲ. ರೋಷನ್‌ನ ಬೆನ್ನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಹಿಂದೆ ಆರೋಗ್ಯ ಉಪಕೇಂದ್ರದೊಳಗೆ ರುಚಿತಾ, ಬಾಣಂತಿಯ ಮಗ್ಗುಲಲ್ಲೇ ಕೂತು, ಫೋನಿನಲ್ಲಿ ಡಾಕ್ಟರೊಂದಿಗೆ ಮಾತಾಡುತ್ತಿದ್ದಳು.

"ಈಗ ಈ ಶಾಲು ಯಾರಿಗೆ ಹೊದಿಸೋದು?" ಎಂದರು ಸಾಹೇಬರು.

ನಾನು ಸೆರಗು ಸರಿಮಾಡಿಕೊಂಡು ಹೋಗಿ ಆ ಖಾಲಿ ಕುರ್ಚಿಯಲ್ಲಿ ಕೂತೆ.

"ಇಕಡಿ ತರ್ರಿ. ಹನ್ನೊಂದು ವರ್ಷ ಅರ್ಧ ತಪಾಸಣಿ ನಾನೇ ಮಾಡೀನಿ."