ವಿಭೂತಿ ಬಳಿದ ದೀಪ

ಇಂಡಿಯಲ್ಲಿ ಗುರುಲಿಂಗಪ್ಪನವರ ಸಣ್ಣ ಕಾರು ಹತ್ತದವರಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರು ನಿಂತಿದ್ದರೂ "ಬರ್ರಿ, ಕೂಡ್ರಿ, ಹೊರ್ತಿಗೆ ಬಿಡ್ತೇನಿ" ಎಂದು ಬಾಗಿಲು ತೆಗೆಯುತ್ತಾರೆ. ನಾಲ್ವರ ಜಾಗದಲ್ಲಿ ಏಳು ಜನ, ಒಮ್ಮೊಮ್ಮೆ ಕುರಿಮರಿಯೂ. ತಿರುವಿನಲ್ಲಿ ಸ್ಟೇರಿಂಗ್ ಕಲ್ಲಿನಂತೆ ಬಿಗಿದಾಗ ಎರಡೂ ಕೈಯಿಂದ ಜಗ್ಗಿ, "ಎತ್ತು ಜಗ್ಗಿ ಹಿಡದ ಕೈ ಇವು, ಕಾಳಜಿ ಮಾಡಬ್ಯಾಡ್ರಿ" ಎನ್ನುತ್ತಾರೆ. ಈ ಮಾದರಿಯ ಕಾರುಗಳ ಸ್ಟೇರಿಂಗ್ ಮೋಟಾರಿನಲ್ಲೇ ದೋಷವಿದೆ, ವಿಜಯಪುರಕ್ಕೆ ತಂದರೆ ಪುಕ್ಕಟೆ ಬದಲಿಸುತ್ತೇವೆ ಎಂದು ಕಂಪನಿಯವರು ಎಷ್ಟೋ ಸಲ ಫೋನ್ ಮಾಡಿದರು. "ಪುಕ್ಕಟ ಯಾರ್ ಮಾಡ್ತಾರ್ರಿ? ಚಲೋ ಸಾಮಾನ ತಗದು ಹಳೇದು ಹಾಕ್ತಾರ" ಎಂಬುದೇ ಇವರ ಉತ್ತರ. ಸ್ಟೇರಿಂಗ್ ಹಿಂದೆ ಉರಿಯುವ ಹಳದಿ ಎಚ್ಚರಿಕೆ ದೀಪದ ಗಾಜಿಗೆ ದಿನಾ ಬೆಳಿಗ್ಗೆ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಬಳಿಯುತ್ತಾರೆ. ಆಮೇಲೆ ದೀಪ ಕಾಣುವುದಿಲ್ಲ. ಮೊನ್ನೆ ಸಿಂದಗಿಯ ಮದುವೆಗೆ ಹೊರಟಾಗ ನಮ್ಮನ್ನೆಲ್ಲ ಕಾರಿನಲ್ಲಿ ತುಂಬಿಕೊಂಡರು. ಅವರ ಪುಟ್ಟ ಮೊಮ್ಮಗಳು ತಾನೂ ಬರುತ್ತೇನೆಂದು ಓಡಿ ಬಂದಳು. ಗುರುಲಿಂಗಪ್ಪನವರು ಇಳಿದು, ಅಳುತ್ತಿದ್ದ ಅವಳನ್ನು ಎತ್ತಿಕೊಂಡು ಹೋಗಿ, ಅಜ್ಜಿಯ ಜೊತೆ ಸರ್ಕಾರಿ ಬಸ್ಸಿನಲ್ಲಿ ಕೂಡ್ರಿಸಿ ಬಂದರು. ಸಿಂದಗಿ ಮುಟ್ಟುವವರೆಗೂ ಎರಡೂ ಕೈಯಿಂದ ಸ್ಟೇರಿಂಗ್ ಬಿಗಿಯಾಗಿ ಹಿಡಿದೇ ಕಾರು ಓಡಿಸಿದರು. ಇಳಿಯುತ್ತೇವೆಂದು ನಾವ್ಯಾರೂ ಹೇಳಲಿಲ್ಲ.